ಬೂದು ಬೀದಿಯ ರಾಗ

ತೆರಾಸಾಕಿ ಮಿನೆಕೊಗೆ ಆಫೀಸಿನಲ್ಲಿ ಯಾರನ್ನು ಕಂಡರೂ ಆಗುತ್ತಿರಲಿಲ್ಲ. ಆಫೀಸಿನವರಿಗೂ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಆ ಮಟ್ಟಿಗೆ ಎರಡೂ ಕಡೆಯವರು ಸಮಾನರು. ಒಸಾಕಾದ ತೆನ್ಮಾ ಮಾರುಕಟ್ಟೆಯ ಹಿಂದಿನ ಕಟ್ಟಡದಲ್ಲಿ ಕೆಳಗೆ ಒಣಮೀನಿನ ಅಂಗಡಿ, ಮೇಲೆ ವಿಡಿಯೊ ಗೇಮ್ ಮಾಡುವ ಕಂಪನಿ. ಚಿತ್ರ ಬರೆಯುವವರಿಗೆ ಕಿಟಕಿ ಪಕ್ಕದ ಮೇಜು, ಪ್ರೋಗ್ರಾಂ ಬರೆಯುವವರಿಗೆ ಫ್ಯಾನಿನ ಎದುರಿನ ಮೇಜು, ಸಂಗೀತ ಮಾಡುವ ಮಿನೆಕೊಗೆ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ತುಂಬಿಟ್ಟ ಕೋಣೆ. ಬಾಗಿಲು ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ತೆರೆದರೆ, "ಆ ಕುಂಯ್ ಕುಂಯ್ ಸ್ವಲ್ಪ ನಿಲ್ಸ್ರೀ, ತಲೆ ಸಿಡೀತಿದೆ" ಎಂದು ಹೊರಗಿನಿಂದ ಬೈಗುಳ ಬರುತ್ತಿತ್ತು. ಅವಳು ಬೇಕೆಂದೇ ತೆರೆದಿಡುತ್ತಿದ್ದಳು.

ಅವಳೇನು ಹುಟ್ಟಾ ಸಿಡುಕಿಯಲ್ಲ. ಅಮಾಗಾಸಾಕಿಯ ಕಬ್ಬಿಣದ ಕಾರ್ಖಾನೆಯ ಕೂಲಿಯ ಮಗಳು. ಶಾಲೆಯ ಹಾರ್ಮೋನಿಯಂ ಮೇಲೆ ಬೆರಳಾಡಿಸಿ ಕಲಿತವಳು. ದೊಡ್ಡವಳಾದ ಮೇಲೆ ಒಸಾಕಾದ ಉಮೆದಾ ಪೇಟೆಯ ದೊಡ್ಡ ಅಂಗಡಿಯೊಂದರಲ್ಲಿ ಎಲೆಕ್ಟ್ರಿಕ್ ಆರ್ಗನ್ ನುಡಿಸಿ ಮಾರುವ ಕೆಲಸಕ್ಕೆ ಸೇರಿದಳು. ನಗುಮುಖ, ಕುತ್ತಿಗೆಗೆ ರೇಷ್ಮೆ ಪಟ್ಟಿ, ಇಡೀ ದಿನ ನುಡಿಸುವುದೇ ಕೆಲಸ. ಮಹಿಳಾಮಣಿಗಳು ನಿಂತು ಕೇಳಿ, "ಎಷ್ಟು ಚೆನ್ನಾಗಿ ನುಡಿಸ್ತೀರಮ್ಮಾ" ಎಂದು ಹೊಗಳಿ, ಕೆಳಗಿನ ಮಹಡಿಗೆ ಉಪ್ಪಿನಕಾಯಿ ಕೊಳ್ಳಲು ಹೋಗುತ್ತಿದ್ದರು. ಆರ್ಗನ್ ಕೊಳ್ಳುವವರೇ ಇಲ್ಲದಾದಾಗ ಅಂಗಡಿ ಅವಳಿಗೂ ಕೈಮುಗಿಯಿತು. ಗೇಮ್ ಕಂಪನಿಗೆ ಸೇರಿದೆ ಎಂದು ಹೇಳಿದ ದಿನ ಅವಳ ಅಣ್ಣ ಬಿದ್ದು ಬಿದ್ದು ನಕ್ಕ. "ಆ ಪೀಂ ಪೀಂ ಶಬ್ದಾನಾ? ಅದನ್ನ ಯಂತ್ರ ತಾನೇ ಮಾಡ್ಕೊಳ್ಳಲ್ವೇನೆ?" ಅಂದಿನಿಂದ ಹೊಸ ವರ್ಷದ ಊಟಕ್ಕೆ ಅವಳು ಅಣ್ಣನ ಮನೆ ಮೆಟ್ಟಿಲು ಹತ್ತಲಿಲ್ಲ.

ಕಂಪನಿಯಲ್ಲಿ ಅವಳ ಪಾಲಿಗೆ ಬರುತ್ತಿದ್ದುದು ಉಳಿದ ಜಾಗ. ಆಟವನ್ನು ತುಂಬಿಡುವ ಮೆಮೊರಿ ಚಿಪ್ಪಿನೊಳಗೆ ಮೊದಲು ಚಿತ್ರ ತುಂಬುತ್ತಾರೆ, ಆಮೇಲೆ ಓಟ, ನೆಗೆತ, ಗುದ್ದು. ಎಲ್ಲ ಮುಗಿದ ಮೇಲೆ ಮೂಲೆಯಲ್ಲಿ ಚೂರು ಜಾಗ ಮಿಕ್ಕರೆ ಅಲ್ಲಿ ಸಂಗೀತ. ಊಟದ ಪಂಕ್ತಿ ಎದ್ದ ಮೇಲೆ ಬಂದವರಿಗೆ ಬಡಿಸುವ ಹಾಗೆ. ಹಾಗೆ ಬಡಿಸುತ್ತಿದ್ದವನು ವಿಭಾಗದ ಮುಖ್ಯಸ್ಥ ಗೊಂಡೊ. ಆಟ ಯಾವುದು, ಎಷ್ಟು ಹಂತ, ಯಾರು ಏನು ಮಾಡಬೇಕು ಎಲ್ಲ ಅವನದೇ. ಪೈಪೋಟಿಯ ಕಂಪನಿಗಳು ಒಳ್ಳೆಯ ಕೆಲಸಗಾರರನ್ನು ಸೆಳೆದುಕೊಂಡು ಹೋಗುತ್ತವೆಂಬ ಭಯಕ್ಕೆ ಆಟದ ಕೊನೆಯಲ್ಲಿ ಯಾರ ನಿಜ ಹೆಸರನ್ನೂ ತೋರಿಸುತ್ತಿರಲಿಲ್ಲ. ಎಲ್ಲ ಕಂಪನಿಗಳದೂ ಅದೇ ಪದ್ಧತಿ. ಸುಳ್ಳು ಹೆಸರುಗಳನ್ನು ಇಡುತ್ತಿದ್ದವನೂ ಗೊಂಡೊನೇ. ತನಗೆ 'ಕೆಂಪು ರಾಕ್ಷಸ' ಎಂದಿಟ್ಟುಕೊಂಡ. ಮಿನೆಕೊಗೆ 'ಒಬಾಚಾನ್' ಎಂದಿಟ್ಟ. ಬೀದಿಯಲ್ಲಿ ಸಿಕ್ಕ ಯಾವ ನಡುವಯಸ್ಸಿನ ಹೆಂಗಸನ್ನಾದರೂ ಕರೆಯುವ ಮಾತು ಅದು. ಪರದೆಯ ಮೇಲೆ ಅದು ಮೂಡಿದಾಗ ಆಫೀಸೆಲ್ಲ ನಕ್ಕಿತು. ಮಿನೆಕೊ ನಗಲಿಲ್ಲ, ಅಳಲೂ ಇಲ್ಲ. ಗೊಂಡೊನ ಚಹಾ ಕಪ್ಪನ್ನು ತೊಳೆಯುವುದನ್ನು ಮಾತ್ರ ಅಂದಿನಿಂದ ನಿಲ್ಲಿಸಿದಳು.

ಶೋವಾ ಚಕ್ರವರ್ತಿಯ ಕಾಲದ ಕೊನೆಯ ಬೇಸಿಗೆಯಲ್ಲಿ, 1988ರಲ್ಲಿ, ಅವರು ಮಾಡಿದ್ದು ಹಳೆಯ ಕಾಲದ ಬೆಂಕಿ ಕಾವಲುಗಾರನ ಆಟ. ಊರಿಗೆ ಬೆಂಕಿ ಇಡುವ ಕಳ್ಳರನ್ನು ಅವನು ಮಾಡಿನಿಂದ ಮಾಡಿಗೆ ನೆಗೆದು ಅಟ್ಟಿಸಿಕೊಂಡು ಹೋಗಬೇಕು. ಮೂರನೇ ಹಂತ ಗೊಂಡೊನ ಸ್ವಂತ ಕಲ್ಪನೆ. ಪಟಾಕಿ ಗೋದಾಮಿನ ಮೇಲೆ ಹೊಡೆದಾಟ, ಸಿಡಿಯುವ ಬಾಣ ಬಿರುಸು. ಇರುವ ಬಣ್ಣವನ್ನೆಲ್ಲ ಅಲ್ಲಿಗೇ ಸುರಿದುಬಿಟ್ಟ. ಎರಡನೇ ಹಂತದ ಬೀದಿಗೆ ಬಣ್ಣ ಉಳಿಯದೆ ಬರೀ ಬೂದು ಬಳಿದರು.

"ಅಲ್ಲಿ ಏನಾದ್ರೂ ಗಲಾಟೆ ತುಂಬ್ಬಿಡಿ ತೆರಾಸಾಕಿ ಅವ್ರೇ. ಆಡೋನು ಸುತ್ತ ನೋಡ್ಬಾರ್ದು, ಓಡ್ಬೇಕು" ಎಂದ ಗೊಂಡೊ.

ಮಿನೆಕೊ ಆ ಬೂದು ಬಣ್ಣವನ್ನು ನೋಡುತ್ತಾ ಕೂತಳು. ಚಿಕ್ಕಂದಿನಲ್ಲಿ ಅವಳ ಓಣಿ ಸುಟ್ಟಿತ್ತು. ಮರುದಿನ ಬೆಳಿಗ್ಗೆ ಜನ ತಮ್ಮ ತಮ್ಮ ಮನೆ ಇದ್ದ ಜಾಗದಲ್ಲಿ ನಿಂತು ಮೆಲ್ಲಗೆ ಮಾತಾಡುತ್ತಿದ್ದರು. ಯಾರಿಗೂ ಅವಸರವಿರಲಿಲ್ಲ. ಅವಳು ನಿಧಾನದ ರಾಗ ಬರೆದಳು. ಆಟದ ಯಂತ್ರ ಒಮ್ಮೆಗೆ ಮೂರೇ ಸ್ವರ ಹೊರಡಿಸಬಲ್ಲುದು. ಕಾವಲುಗಾರ ಓಡಿದರೂ ನೆಗೆದರೂ ಹೆಜ್ಜೆಯ ಸದ್ದಿಗಾಗಿ ಅದರಲ್ಲೊಂದನ್ನು ಯಂತ್ರ ಕಿತ್ತುಕೊಳ್ಳುತ್ತದೆ. ಬೇರೆಯವರಾದರೆ ಆ ಒಂದನ್ನು ಕೆಲಸಕ್ಕೆ ಬಾರದ ಸ್ವರಕ್ಕೆ ಬಿಡುತ್ತಾರೆ. ಮಿನೆಕೊ ರಾಗದ ಜೀವವನ್ನೇ ಅದರಲ್ಲಿಟ್ಟಳು. ಓಡುತ್ತಿದ್ದರೆ ರಾಗ ಅರೆಬರೆಯಾಗಿ ಕೇಳುತ್ತದೆ. ಕಾವಲುಗಾರ ನಿಂತರೆ ಮಾತ್ರ ಅದು ತುಂಬಿಕೊಂಡು ಬರುತ್ತದೆ. ಆಗ ಬಣ್ಣ ಸಾಲದೆ ಬೂದು ಬಳಿದ ಬೀದಿ ನಿಜವಾಗಿಯೂ ಸುಟ್ಟುಹೋದ ಊರಾಗಿ ಕಾಣುತ್ತದೆ. ಅವಳು ಯಾರಿಗೂ ಇದನ್ನು ಹೇಳಲಿಲ್ಲ. ಹೇಳಿದರೆ ಕೇಳುವವರಾದರೂ ಯಾರಿದ್ದರು?

ಹೊಸ ಆಟವನ್ನು ಮಾರಾಟಕ್ಕೆ ಬಿಡುವ ಮುಂಚೆ ಜನ ನಾಣ್ಯ ಹಾಕಿ ಆಡುವ ಯಾವುದಾದರೊಂದು ಗೇಮ್ ಸೆಂಟರಿನಲ್ಲಿ ಸದ್ದಿಲ್ಲದೆ ಇಟ್ಟು, ಕಂಪನಿಯವರು ಗಿರಾಕಿಗಳ ಹಾಗೆ ಸುತ್ತ ನಿಂತು ನೋಡುವುದು ವಾಡಿಕೆ. ಯಾರೂ ತಾವು ಯಾರೆಂದು ಬಾಯಿ ಬಿಡುವಂತಿಲ್ಲ. ಒಸಾಕಾದ ಷಿನ್‌ಸೆಕಾಯ್‌ನ ಗೇಮ್ ಸೆಂಟರಿನಲ್ಲಿ ಗೊಂಡೊ ಕಣ್ಣಿನವರೆಗೆ ಟೋಪಿ ಎಳೆದುಕೊಂಡು ನಿಂತ. ಮಿನೆಕೊ ಪಕ್ಕದ ಯಂತ್ರದ ಮುಂದೆ ಆಡುವವಳ ಹಾಗೆ ಕೂತಳು. ಲಾಂಡ್ರಿ ವ್ಯಾನು ಓಡಿಸುವವನ ಸಮವಸ್ತ್ರ ತೊಟ್ಟವನೊಬ್ಬ ಬಂದು ಆಡತೊಡಗಿದ. ಮೊದಲ ಹಂತ ಸಲೀಸಾಗಿ ದಾಟಿದ. ಎರಡನೆಯದರಲ್ಲಿ ನಾಲ್ಕು ಹೆಜ್ಜೆ ಓಡಿ, ಸಿಗರೇಟಿನ ಬೂದಿ ಕೊಡವಲು ಕೈ ಬಿಟ್ಟ. ಕಾವಲುಗಾರ ನಿಂತ. ರಾಗ ತುಂಬಿತು.

ಆ ಮನುಷ್ಯ ತಲೆ ಎತ್ತಿದ. ಒಂದು ಹೆಜ್ಜೆ ಓಡಿಸಿ ನೋಡಿದ, ರಾಗ ಸೊರಗಿತು. ನಿಲ್ಲಿಸಿದ, ಮತ್ತೆ ಬಂತು. ಆಮೇಲೆ ಅವನು ಕೈಯನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂತುಬಿಟ್ಟ. ಹೊತ್ತು ಮೀರಿ ನಿಂತರೆ ಕಿಡಿ ಹಾರಿ ಬಂದು ಕಾವಲುಗಾರನನ್ನು ಸುಡುವ ಏರ್ಪಾಡಿತ್ತು. ಸುಟ್ಟಿತು. ಮುಂದಿನ ಜೀವವನ್ನೂ ಅಲ್ಲೇ ನಿಲ್ಲಿಸಿ ಸುಡಗೊಟ್ಟ, ಅದರ ಮುಂದಿನದನ್ನೂ. ಹಿಂದೆ ಕಾದು ನಿಂತವರು ಗೊಣಗಿ ಬೇರೆ ಯಂತ್ರಗಳಿಗೆ ಹೋದರು. ಅವನು ಎದ್ದು ಹೋಗಿ, ಮರುದಿನ ಬಂದ. ಎರಡನೇ ದಿನ ನಿಂತು ಕೇಳುವವರು ಅವನೊಬ್ಬನೇ ಆಗಿರಲಿಲ್ಲ. ಗೊಂಡೊನ ಪಟಾಕಿ ಗೋದಾಮನ್ನು ಯಾರೂ ನೋಡಲಿಲ್ಲ.

ಆಫೀಸಿಗೆ ಬಂದವನೇ ಗೊಂಡೊ ರಟ್ಟಿನ ಪೆಟ್ಟಿಗೆಯೊಂದನ್ನು ಒದ್ದ.

"ಬೇಕು ಅಂತಲೇ ಮಾಡಿದೀಯಾ ತಾನೇ? ನನ್ನ ಆಟದಲ್ಲಿ ಜನ ಕಲ್ಲಿನ ಹಾಗೆ ನಿಂತಿರ್ತಾರೆ!"

"ನಿಲ್ಲಿ ಅಂತ ನಾನೇನು ಬೋರ್ಡು ಹಾಕಿದ್ನಾ? ಅವರಾಗೇ ನಿಂತ್ರು."

"ಜನ ಬರೋದು ಆಡೋಕೆ, ಕಣ್ಮುಚ್ಚಿ ಕೂರೋಕಲ್ಲ. ಆ ರಾಗ ಕಿತ್ತು ಡಂಗುರ ಹಾಕು, ಸಾಕು."

"ಆ ರಾಗ ಇಲ್ದಿದ್ರೆ ನಿಮ್ಮ ಎರಡನೇ ಹಂತ ಬರೀ ಬೂದು ಬಣ್ಣದ ಗೋಡೆ. ಅದು ಊರು ಅಂತ ಅವರಿಗೆ ಗೊತ್ತಾಗಿದ್ದು ನನ್ನಿಂದ. ಯಾಕೆ ಓಡ್ತಿದೀನಿ, ಯಾರ ಮನೆ ಉಳಿಸ್ತಿದೀನಿ ಅಂತ ಗೊತ್ತಾಗಿದ್ದೂ ನನ್ನಿಂದ."

"ಮಹಾ! ಅಂಗಡೀಲಿ ಆರ್ಗನ್ ಮಾರ್ತಿದ್ದೋಳು ನೀನು."

"ಹೌದು, ಮಾರ್ತಿದ್ದೆ. ನಿಮ್ಮ ಪಟಾಕೀನ ಮಾರೋಕೆ ನನ್ನ ಕೈಲಾಗಲ್ಲ."

ಹೊರಗೆ ಯಾರೋ ಕಿಸಕ್ಕೆಂದರು. ಗೊಂಡೊನ ಮುಖ ಅವನಿಟ್ಟುಕೊಂಡ ಹೆಸರಿಗೆ ತಕ್ಕಂತಾಯಿತು. ಡಂಗುರ ಬರೆಯಲಾರೆ ಎಂದು ಮಿನೆಕೊ ಹಟ ಹಿಡಿದಳು. ಹಾಗಾದರೆ ಅಲ್ಲಿ ಏನೂ ಬೇಡ ಎಂದು ಗೊಂಡೊ ಪ್ರೋಗ್ರಾಂ ಬರೆಯುವವನಿಗೆ ಕೂಗಿ ಹೇಳಿದ. ಅವಳ ಕಣ್ಣೆದುರೇ ರಾಗ ಅಳಿಸಿಹೋಯಿತು. ಬೇಡಿಕೊಂಡಿದ್ದರೆ ಒಂದು ತುಣುಕಾದರೂ ಉಳಿಯುತ್ತಿತ್ತೇನೋ. ಬೇಡುವ ಬುದ್ಧಿ ಅವಳಿಗಿರಲಿಲ್ಲ. ಅದಕ್ಕಾಗಿ ಅವಳು ಆಮೇಲೆ ತನ್ನನ್ನೂ ಬೈದುಕೊಂಡಳು.

ಶರತ್ಕಾಲದಲ್ಲಿ ಆಟ ಮಾರುಕಟ್ಟೆಗೆ ಬಂತು. ಎರಡನೇ ಹಂತದಲ್ಲಿ ಟಕ್ ಟಕ್ ಎಂದು ಹೆಜ್ಜೆ ಸದ್ದು ಬಿಟ್ಟರೆ ಏನೂ ಇಲ್ಲ. ಎಲ್ಲರೂ ಓಡಿ ದಾಟಿದರು, ಮೂರನೆಯದಕ್ಕೆ ಹೋದರು. ಗೊಂಡೊ ಗೆದ್ದ. ಆ ಗೆಲುವನ್ನು ಅವನು ದಿನಾ ಬೆಳಿಗ್ಗೆ ಅವಳ ಬಾಗಿಲಲ್ಲಿ ನಿಂತು ಶಿಳ್ಳೆ ಹೊಡೆದು ಸಾರಿದ. ಶಿಳ್ಳೆಯೂ ಅಪಸ್ವರ.

ಒಂದು ಭಾನುವಾರ ಮಿನೆಕೊ ಷಿನ್‌ಸೆಕಾಯ್‌ಗೆ ಹೋದಳು. ಕೆಲವೇ ವಾರಗಳಲ್ಲಿ ಗಿರಾಕಿಗಳು ಕರಗಿದ್ದರು; ಆಟ ಸತ್ತಿರುವುದನ್ನು ಕಣ್ಣಾರೆ ನೋಡಿ ಖುಷಿಪಡೋಣ ಎಂದೇ ಹೋದದ್ದು. ಯಂತ್ರವನ್ನು ಆಗಲೇ ಕಕ್ಕಸಿನ ಪಕ್ಕದ ಮೂಲೆಗೆ ತಳ್ಳಿದ್ದರು. ಆಡುತ್ತಿದ್ದವನು ಅದೇ ಲಾಂಡ್ರಿಯವನು. ನಿಶಿಗಾಕಿ ಎಂದು ಅಂಗಿಯ ಜೇಬಿನ ಮೇಲೆ ಹೊಲಿದಿತ್ತು. ಎರಡನೇ ಹಂತ ಬಂದಾಗ ಅವನು ಚೀಲದಿಂದ ಕೈಯಗಲದ ಟೇಪ್ ರೆಕಾರ್ಡರ್ ತೆಗೆದು ಯಂತ್ರದ ಮೇಲಿಟ್ಟು ಗುಂಡಿ ಒತ್ತಿದ. ಮೊದಲು ಗದ್ದಲ, ಯಾರದೋ ಕೆಮ್ಮು, ಯಾರೋ ನಾಣ್ಯ ಬೀಳಿಸಿದ ಸದ್ದು. ಅದರಡಿಯಲ್ಲಿ ಅವಳ ರಾಗ. ಪರೀಕ್ಷೆಗಿಟ್ಟಿದ್ದ ದಿನಗಳಲ್ಲಿ ಸ್ಪೀಕರಿಗೆ ಹಿಡಿದು ತುಂಬಿಕೊಂಡಿದ್ದ. ಮೂಕ ಬೀದಿಯಲ್ಲಿ ಕಾವಲುಗಾರನನ್ನು ನಿಲ್ಲಿಸಿ ಅವನು ಕೇಳತೊಡಗಿದ. ಮಿನೆಕೊ ನೇರ ಅವನ ಪಕ್ಕಕ್ಕೆ ಹೋದಳು.

"ಕೇಳದೆ ಕದ್ದುಕೊಂಡಿದೀಯಲ್ಲ" ಎಂದಳು.

ಅವನು ತಿರುಗಿ ನೋಡಿದ. "ಏನಕ್ಕಾ, ನಿಮ್ಮ ಮನೆ ಗಂಟೇನಾದ್ರೂ ಹೋಯ್ತಾ?"

"ಹೋಯ್ತು. ಅದನ್ನ ಬರೆದೋಳು ನಾನೇ."

"ನೀವಾ? ಆಟದ ಕೊನೇಲಿ ಹೆಸರು ನೋಡಿದೀನಿ. ಒಬಾಚಾನ್ ಅಂತಿದೆ. ಯಾವ ಹೆಂಗಸು ತನ್ನನ್ನ ತಾನೇ ಹಂಗೆ ಕರ್ಕೋತಾಳೆ? ಅವನ್ಯಾರೋ ಗಂಡಸೇ. ಗಡ್ಡ ಬೇರೆ ಬಿಟ್ಟಿರ್ತಾನೆ."

"ನಾನಿಟ್ಕೊಂಡಿದ್ದಲ್ಲ. ಒಂದು ಕತ್ತೆ ಇಟ್ಟಿದ್ದು."

"ಆ ರಾಗ ಕಿತ್ತಿದ್ದೂ ಅದೇ ಕತ್ತೇನಾ?"

"ಅದೇ."

ಟೇಪಿನಲ್ಲಿ ಕಿಡಿ ಹಾರಿ ಕಾವಲುಗಾರ ಸುಟ್ಟುಹೋದ ಸದ್ದು ಬಂತು. ಅಲ್ಲಿಗೆ ರಾಗ ಕಡಿದುಹೋಯಿತು. ಎಷ್ಟು ಸಲ ನಿಂತರೂ ಅಷ್ಟೇ ಕೇಳಲಾಗುತ್ತಿತ್ತು, ಮುಂದಿನದಕ್ಕೆ ಕಿಡಿ ಬಿಡುತ್ತಿರಲಿಲ್ಲ. ನಿಶಿಗಾಕಿ ಟೇಪು ನಿಲ್ಲಿಸಿ ಕೈಕಟ್ಟಿ ನಿಂತ.

"ಸರಿ, ನೀವೇ ಬರೆದಿದ್ರೆ ಮುಂದಿಂದು ಗೊತ್ತಿರ್ಬೇಕಲ್ಲ? ಹಾಡಿ, ನೋಡೋಣ."

ಸುತ್ತ ಹತ್ತಾರು ಯಂತ್ರಗಳು ಒದರುತ್ತಿದ್ದವು. ಮಿನೆಕೊ ಅವನ ಕಿವಿಯ ಹತ್ತಿರ ಬಗ್ಗಿ, ಹಲ್ಲು ಕಚ್ಚಿಕೊಂಡು, ಯಾರೂ ಕೇಳಿರದ ಉತ್ತರಾರ್ಧವನ್ನು ಗುನುಗಿದಳು. ಅವನು ಕಣ್ಣು ಮಿಟುಕಿಸದೆ ಕೇಳಿದ. ಮುಗಿದ ಮೇಲೆ ಮೂಗು ತಿಕ್ಕಿಕೊಂಡ.

"ಮೊದಲರ್ಧಾನೇ ಚೆನ್ನಾಗಿತ್ತು" ಎಂದ.

"ಏನಂದೆ?"

"ಅಲ್ಲಿವರೆಗೆ ಮನೆ ಸುಟ್ಟೋರು ಬಾಯಿಬಿಡದೆ ನಿಂತಿದ್ರು. ಆಮೇಲೆ ನೀವು ಅವರು ಅಳೋ ಹಾಗೆ ಮಾಡ್ತೀರಿ. ಮೇಲಕ್ಕೆ ಏರಿಸ್ತೀರಲ್ಲ, ಅಲ್ಲಿ. ಯಾರು ಅಳ್ಸೋಕೆ ಹೇಳಿದ್ದು ನಿಮಗೆ? ಅಳೋದನ್ನ ಕೇಳೋರಿಗೇ ಬಿಡ್ಬೇಕಪ್ಪ."

"ಬಟ್ಟೆ ಒಗೆಯೋನು ನನಗೆ ಸಂಗೀತ ಹೇಳ್ಕೊಡ್ತೀಯಾ? ಕಿವಿಗೇನು ಸೋಪು ಮೆತ್ಕೊಂಡಿದೀಯಾ?"

"ನಾನು ಒಗೆಯಲ್ಲ, ವ್ಯಾನು ಓಡಿಸ್ತೀನಿ. ಮೂರು ದಿನ ಊಟ ಬಿಟ್ಟು ಇಲ್ಲಿ ಕೂತಿದ್ದೆ ನಾನು, ಆ ರಾಗಕ್ಕೋಸ್ಕರ. ಹೇಳೋ ಹಕ್ಕಿದೆ ನನಗೆ." ಅವನಿಗೂ ರೇಗಿತ್ತು. "ನೀವೇ ಬರೆದಿದ್ದು ಅಂತ ಈಗ ನಂಬ್ತೀನಿ. ಬೇರೆ ಯಾರೂ ಇಷ್ಟು ಉರ್ಕೊಳಲ್ಲ."

ಇಷ್ಟು ವರ್ಷ ಮಿನೆಕೊ ಆಡಿದ ಜಗಳವೆಲ್ಲ ಚಿಪ್ಪಿನ ಜಾಗದ್ದು, ಗಡುವಿನದು, ಬಾಗಿಲಿನದು. ಸ್ವರ ಸರಿಯಿಲ್ಲ ಎಂದು ಅವಳ ಮೇಲೆ ಯಾರೂ ರೇಗಿರಲಿಲ್ಲ. ಅದಕ್ಕೆ ಮೊದಲು ಯಾರಾದರೂ ಕೇಳಿಸಿಕೊಳ್ಳಬೇಕಲ್ಲ.

"ಹೊಸ ಟೇಪು ಇದೆಯಾ?" ಎಂದಳು.

"ಇದೆ."

"ಹಾಕು. ಇನ್ನೊಂದು ಸಲ ಹಾಡ್ತೀನಿ. ಬಾಯಿ ಮುಚ್ಕೊಂಡು ಸರಿಯಾಗಿ ಕೇಳು, ಆಮೇಲೆ ಮಾತಾಡು."

ನಿಶಿಗಾಕಿ ಟೇಪು ಹಾಕಿ ಅವಳ ಗಲ್ಲದ ಬಳಿ ಹಿಡಿದ. ಅವಳು ಮೊದಲಿಂದ ಶುರುಮಾಡಿದಳು. ಮೇಲಕ್ಕೆ ಏರುವ ಜಾಗ ಹತ್ತಿರ ಬಂದಾಗ, ಈ ಮನುಷ್ಯ ಹೇಳಿದ್ದು ಸರಿ ಎಂದು ಹಾಡುತ್ತಿರುವಾಗಲೇ ಅವಳಿಗೆ ತಿಳಿದುಹೋಯಿತು. ಅವನ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಅವನನ್ನೇ ದುರುಗುಟ್ಟಿ ನೋಡುತ್ತಾ ಅವಳು ಸ್ವರವನ್ನು ಏರಿಸದೆ ಕೆಳಗಿಳಿಸಿದಳು.