ಮೂಲೆ ಕತ್ತರಿಸಿದ ಕಾರ್ಡುಗಳು

ಉದ್ಯೋಗ ವಿನಿಮಯ ಕಚೇರಿ ಎಂಬುದು ಯಾರ ಹೊಗಳಿಕೆಗೂ ಪಾತ್ರವಾಗುವ ಸ್ಥಳವಲ್ಲ. ಕೆಲಸ ಸಿಕ್ಕವರು ಅದರತ್ತ ತಿರುಗಿ ನೋಡುವುದಿಲ್ಲ, ಸಿಗದವರು ಶಾಪ ಹಾಕುವುದನ್ನು ಬಿಡುವುದಿಲ್ಲ. ಅಂಥ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ದುಡಿದು, ಅಂಗವೈಕಲ್ಯವುಳ್ಳವರನ್ನು ಕನಿಕರದ ಸಾಲಿನಿಂದ ಎಬ್ಬಿಸಿ ಅರ್ಹತೆಯ ಸಾಲಿನಲ್ಲಿ ನಿಲ್ಲಿಸಿದ ನಮ್ಮ ಅಧಿಕಾರಿ ಮೇಡಂ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಈ ಕ್ಷೇತ್ರದಲ್ಲಿ ಭಾಷಣ ಮಾಡಿದವರು ಬಹಳ ಮಂದಿ; ಸೇವೆಯ ಹೆಸರಿನಲ್ಲಿ ಹಾರ ಹಾಕಿಸಿಕೊಂಡವರೂ ಬಹಳ ಮಂದಿ. ಮೇಡಂ ಅವರ ಹೋರಾಟ ನಡೆದದ್ದು ಮಾತ್ರ ಹದಿನೆಂಟು ಡ್ರಾಯರುಗಳ ಒಂದು ಕಬ್ಬಿಣದ ಬೀರುವಿನ ಮುಂದೆ.

"ಅವರ ಜೊತೆ ಎಲ್ಲರಿಗಿಂತ ಹೆಚ್ಚು ಕಾಲ ಕೆಲಸ ಮಾಡಿದವರು ನೀವು, ನೀವು ಬರೀಲೇಬೇಕು" ಎಂದು ಈ ಅಭಿನಂದನ ಗ್ರಂಥದ ಸಂಪಾದಕ ಮಂಡಳಿಯವರು ಕೇಳಿಕೊಂಡರು. ಅವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಮೇಡಂ ಅವರ ವಿರುದ್ಧ ಎಲ್ಲರಿಗಿಂತ ಹೆಚ್ಚು ಕಾಲ ಕೆಲಸ ಮಾಡಿದವನೂ ನಾನೇ. ಅಭಿನಂದನ ಗ್ರಂಥದಲ್ಲಿ ಬರೆಯುವವನು ತನ್ನ ಪುರಾಣ ಬಿಚ್ಚಬಾರದು ಎಂಬುದು ನನಗೆ ತಿಳಿಯದ್ದಲ್ಲ. ಆದರೆ ನನ್ನ ತಪ್ಪನ್ನು ಹೇಳದೆ ಅವರ ದೊಡ್ಡತನವನ್ನು ಹೇಳಲು ನನಗೆ ದಾರಿ ಕಾಣುತ್ತಿಲ್ಲ.

ನಾನು ಕಾರ್ಡು ವಿಭಾಗದ ಗುಮಾಸ್ತನಾಗಿದ್ದೆ. ಕೆಲಸ ಬೇಕೆಂದು ಹೆಸರು ನೋಂದಾಯಿಸಿದ ಪ್ರತಿಯೊಬ್ಬರಿಗೂ ಒಂದು ದಪ್ಪ ಕಾರ್ಡು. ವಿದ್ಯೆ, ಅನುಭವ, ವಯಸ್ಸು ಎಲ್ಲ ಅದರ ಮೇಲೆ. ಯಾವುದಾದರೂ ಸಂಸ್ಥೆ ಹುದ್ದೆಗೆ ಹೆಸರು ಕೇಳಿದರೆ ಡ್ರಾಯರು ಎಳೆದು, ಅರ್ಹರ ಕಾರ್ಡು ತೆಗೆದು, ಅವರಿಗೆ ಕರೆಪತ್ರ ಕಳಿಸುವುದು ನನ್ನ ಕೆಲಸ. ಅಂಗವೈಕಲ್ಯವುಳ್ಳವರ ಕಾರ್ಡಿನ ಬಲಮೂಲೆಯನ್ನು ಕತ್ತರಿಸುವ ಪದ್ಧತಿ ನಮ್ಮಲ್ಲಿ ನನಗಿಂತ ಮೊದಲೇ ಇತ್ತು. ಅವರಿಗೆಂದೇ ಮೀಸಲಾದ ಹುದ್ದೆ ಬಂದಾಗ ಕಾರ್ಡು ಬೇಗ ಕೈಗೆ ಸಿಗಲಿ ಎಂಬ ಸದುದ್ದೇಶದಿಂದ ಹುಟ್ಟಿದ್ದಂತೆ. ಮೀಸಲು ಹುದ್ದೆಗಳು ವರ್ಷಕ್ಕೆ ಒಂದೋ ಎರಡೋ ಬರುತ್ತಿದ್ದವು. ಉಳಿದ ದಿನಗಳಲ್ಲಿ ನಮ್ಮ ಬೆರಳುಗಳು ಆ ಮೂಲೆಯನ್ನು ಕಂಡ ಕೂಡಲೇ ಮುಂದಿನ ಕಾರ್ಡಿಗೆ ಜಿಗಿಯುವುದನ್ನು ಕಲಿತಿದ್ದವು. ನನ್ನ ಕತ್ತರಿಯ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಒಂದು ಮೂಲೆ ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ.

ಮೇಡಂ ಕಿರಿಯ ಅಧಿಕಾರಿಯಾಗಿ ಬಂದ ಮೊದಲ ವಾರದಲ್ಲೇ ಒಂದು ಡ್ರಾಯರನ್ನು ಪೂರ್ತಿ ಎಳೆದು ನನ್ನ ಮೇಜಿನ ಮೇಲಿಟ್ಟರು. ಅದರಿಂದ ಎರಡು ಕಾರ್ಡು ತೆಗೆದು ಪಕ್ಕಪಕ್ಕದಲ್ಲಿ ಇರಿಸಿದರು. ಒಂದರ ಅಂಚು ಕೈತಾಗಿ ತಾಗಿ ಕಪ್ಪಾಗಿತ್ತು. ಮೂಲೆ ಕತ್ತರಿಸಿದ ಇನ್ನೊಂದು ಅಚ್ಚಬಿಳುಪಾಗಿತ್ತು.

"ಇವು ಯಾಕೆ ಇಷ್ಟು ಚೊಕ್ಕಟವಾಗಿವೆ?" ಎಂದು ಕೇಳಿದರು.

"ಜೋಪಾನವಾಗಿ ಇಟ್ಟಿದ್ದೀವಿ ಮೇಡಂ" ಎಂದೆ ನಾನು, ಎದೆ ಉಬ್ಬಿಸಿ.

"ಜೋಪಾನ ಅಲ್ಲ ಇದು. ಯಾರೂ ಮುಟ್ಟೇ ಇಲ್ಲ."

ಅಂದೇ ಆಜ್ಞೆಯಾಯಿತು: ಮೂಲೆ ಕತ್ತರಿಸಿದ ನಾನೂರ ಹನ್ನೊಂದು ಕಾರ್ಡುಗಳನ್ನೂ ಮೂಲೆ ಕತ್ತರಿಸದ ಹೊಸ ಕಾರ್ಡುಗಳ ಮೇಲೆ ಮತ್ತೆ ಬರೆಯಬೇಕು. ಆರು ವಾರ ಹಿಡಿಯಿತು. ಕಚೇರಿಯಲ್ಲಿ ಗೊಣಗಾಟವೋ ಗೊಣಗಾಟ. ಅದರ ಜೊತೆಗೆ ಇನ್ನೊಂದು ನಿಯಮ ಬಂತು. ಯಾರನ್ನಾದರೂ ಯಾವುದಾದರೂ ಕೆಲಸಕ್ಕೆ ಆಗುವುದಿಲ್ಲವೆಂದು ಬಿಡುವ ಮೊದಲು ಅವರನ್ನೇ ಕೇಳಬೇಕು. ಅವರ ಉತ್ತರವನ್ನು ಕಾರ್ಡಿನ ಹಿಂದೆ ಬರೆಯಬೇಕು. ನಾವು ಏನು ಹೇಳಹೋದರೂ ಮೇಡಂ ಬಾಯಿಂದ ಮೊದಲು ಬರುತ್ತಿದ್ದ ಮಾತು "ಅವರನ್ನ ಕೇಳಿದ್ರಾ?" ಎಂಬುದು. ಊಟದ ಕೋಣೆಯಲ್ಲಿ ಅವರಿಗೆ 'ಕೇಳಿದ್ರಾ ಮೇಡಂ' ಎಂದು ಹೆಸರಿಟ್ಟೆವು. ಇಟ್ಟವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಆ ಪ್ರಶ್ನೆಯ ಶಕ್ತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಬೆಳಿಗ್ಗೆ ಕಿವಿ ಕೇಳಿಸದ ಒಬ್ಬ ಯುವತಿಯನ್ನು ಅವಳ ಅಣ್ಣ ಕರೆತಂದಿದ್ದ. ಮೇಡಂ ಏನು ಕೇಳಿದರೂ ಉತ್ತರ ಅಣ್ಣನದೇ. "ಇವಳಿಗೆ ಹೊಲಿಗೆ ಸಾಕು ಮೇಡಂ, ಪಾಪ, ಇನ್ನೇನು ಬರತ್ತೆ?" ಎಂದ. ಮೇಡಂ ನಗುತ್ತಲೇ, "ಅಣ್ಣಾವ್ರೇ, ಸ್ವಲ್ಪ ಆಚೆ ಬೆಂಚಲ್ಲಿ ಕೂತ್ಕೊಳಿ. ಕೆಲಸ ಬೇಕಾಗಿರೋದು ನಿಮಗಲ್ಲ" ಎಂದು ಅವನನ್ನು ಸಾಗಹಾಕಿದರು. ಕಾಗದ, ಪೆನ್ಸಿಲು ಅವಳತ್ತ ಸರಿಸಿದರು. ಅವಳು ಬರೆದಳು: 'ನನಗೆ ಹೊಲಿಗೆ ಬರುವುದಿಲ್ಲ. ಗಣಿತ ಬರುತ್ತದೆ.' ಎರಡು ತಿಂಗಳಲ್ಲಿ ಅವಳು ಔಷಧಗಳ ಗೋದಾಮೊಂದರಲ್ಲಿ ದಾಸ್ತಾನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಈಗ ಅಲ್ಲಿ ಅವಳ ಕೈಕೆಳಗೆ ಒಂಬತ್ತು ಜನರಿದ್ದಾರೆ.

ಇಷ್ಟನ್ನೇ ಬರೆದು ನಿಲ್ಲಿಸಿದ್ದರೆ ಲೇಖನ ಚೆಂದವಾಗಿರುತ್ತಿತ್ತು.

ಆ ನಾನೂರ ಹನ್ನೊಂದು ಕಾರ್ಡುಗಳನ್ನು ಹೊಸದಾಗಿ ಬರೆದವನು ನಾನು. ಬರೆಯುತ್ತ ಬರೆಯುತ್ತ ಪ್ರತಿಯೊಂದರ ಬಲಮೂಲೆಯಲ್ಲಿ, ಮೊದಲು ಕತ್ತರಿ ಬೀಳುತ್ತಿದ್ದ ಜಾಗದಲ್ಲಿ, ಪೆನ್ಸಿಲಿನಿಂದ ಸಾಸಿವೆಯಷ್ಟು ಸಣ್ಣ ಚುಕ್ಕೆಯೊಂದನ್ನು ಇಟ್ಟೆ. ಗೊತ್ತಿದ್ದವರಿಗೆ ಮಾತ್ರ ಕಾಣುವಂಥದು, ಗೊತ್ತಿದ್ದವನು ನಾನೊಬ್ಬನೇ. ಕೆಟ್ಟ ಬುದ್ಧಿಯಿಂದ ಇಟ್ಟೆನೆಂದು ಯಾರೂ ತಿಳಿಯಬಾರದು. ನನ್ನ ಮಟ್ಟಿಗೆ ಅದು ದಯೆಯೇ ಆಗಿತ್ತು. ನನಗೆ ಸುಲಭವೆಂದು ತೋರಿದ ಕೆಲಸಗಳಿಗೆ ಚುಕ್ಕೆಯವರ ಹೆಸರು ಕಳಿಸುತ್ತಿದ್ದೆ. ಕಷ್ಟವೆಂದು ತೋರಿದಲ್ಲಿ, ಅಲ್ಲಿ ಹೋಗಿ ಅವಮಾನಪಟ್ಟು ಬರುವುದೇಕೆ, ಪಾಪ, ಎಂದು ಬಿಟ್ಟುಬಿಡುತ್ತಿದ್ದೆ. ಕೇಳಬೇಕೆಂಬ ನಿಯಮವಿತ್ತು, ನಾನು ಕೇಳುತ್ತಿರಲಿಲ್ಲ. ಪಟ್ಟಿ ಮಾಡುವವನು ನಾನು, ಕಳಿಸುವವನೂ ನಾನು. ಬಿಟ್ಟುಹೋದ ಹೆಸರು ತಾನಾಗಿ ಕೂಗುವುದಿಲ್ಲ. ಹೀಗೆ ಏಳು ವರ್ಷ ನಡೆಯಿತು. ಎಷ್ಟು ಜನರನ್ನು ಹೀಗೆ ದಾಟಿಹೋದೆನೆಂದು ಎಣಿಸುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಹತ್ತೊಂಬತ್ತು ವರ್ಷಗಳ ಹಿಂದೆ ಭೂಮಾಪನ ಕಚೇರಿಯವರು ನಕ್ಷೆಗಾರರ ಹುದ್ದೆಗೆ ಹನ್ನೆರಡು ಹೆಸರು ಕೇಳಿದರು. ನಮ್ಮ ಕಾರ್ಡುಗಳಲ್ಲಿ ಚಿಕ್ಕಂದಿನಿಂದ ಒಂದು ಕಾಲಿಗೆ ಬಲವಿಲ್ಲದೆ ಊರುಗೋಲು ಹಿಡಿದು ನಡೆಯುವ ಒಬ್ಬ ನಕ್ಷೆಗಾರರಿದ್ದರು. ಅಂಕಗಳಲ್ಲಿ ನಾಲ್ಕನೆಯವರು, ಅವರ ಗೆರೆಯ ನಯವನ್ನು ನಾನೇ ನೋಡಿದ್ದೆ. ನಾಲ್ಕು ತಿಂಗಳಲ್ಲಿ ಅವರ ವಯೋಮಿತಿ ಮುಗಿಯುತ್ತಿತ್ತು. ಆ ಕಚೇರಿಗೆ ಒಮ್ಮೆ ಕಾಗದ ಕೊಡಲು ಹೋಗಿ ಮೂರು ಮಹಡಿ ಹತ್ತಿ ಸುಸ್ತಾಗಿದ್ದವನು ನಾನು. ಅವರ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ 'ಮೂರನೇ ಮಹಡಿ, ಲಿಫ್ಟ್ ಇಲ್ಲ' ಎಂದು ಬರೆದು, ಡ್ರಾಯರಿಗೆ ಹಾಕಿ, ಹದಿಮೂರನೆಯವರ ಹೆಸರನ್ನು ಪಟ್ಟಿಗೆ ಸೇರಿಸಿದೆ. ಆ ಮಧ್ಯಾಹ್ನ ಊಟವೂ ಚೆನ್ನಾಗಿಯೇ ಸೇರಿತು.

ಹುದ್ದೆಗಳೆಲ್ಲ ಭರ್ತಿಯಾಗಿ, ವಯೋಮಿತಿಯೂ ದಾಟಿದ ಮೇಲೆ ಆ ನಕ್ಷೆಗಾರರು ನಮ್ಮ ಕಚೇರಿಗೆ ಬಂದರು. "ನನ್ನ ಜೊತೆ ಓದಿದವರಿಗೆಲ್ಲ ಪತ್ರ ಬಂದಿತ್ತಂತೆ. ನನ್ನದು ಅಂಚೇಲಿ ಕಳೆದುಹೋಯ್ತಾ ಸರ್?" ಎಂದು ಕೇಳಿದರು.

"ಇರಬಹುದು" ಎಂದೆ.

ಪಕ್ಕದ ಮೇಜಿನಲ್ಲಿದ್ದ ಮೇಡಂ ಎದ್ದು ಬಂದು ತಾವೇ ಡ್ರಾಯರು ಎಳೆದರು. ಕಾರ್ಡನ್ನು ತಿರುಗಿಸಿ ಓದಿದರು. ಮತ್ತೆ ಮುಂಭಾಗಕ್ಕೆ ತಿರುಗಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಆ ಬಲಮೂಲೆಯನ್ನು ಬಹಳ ಹೊತ್ತು ನೋಡಿದರು. ಕಾರ್ಡನ್ನು ತಮ್ಮ ಕೈಚೀಲದಲ್ಲಿ ಇಟ್ಟುಕೊಂಡರು. ಮರುದಿನ ಎಲ್ಲರನ್ನೂ ಸೇರಿಸಿ ಹೇಳಿದ್ದು ಇಷ್ಟೇ: "ಇದು ಯಾರ ಕೆಲಸ ಅಂತ ನಾನು ವಿಚಾರಣೆ ಮಾಡಲ್ಲ. ಹೇಳೋರು ಬಂದು ಹೇಳಲಿ." ನಾನು ಹೋಗಲಿಲ್ಲ.

ಕ್ಷಮೆ ಕೇಳಲು ನಕ್ಷೆಗಾರರ ಮನೆಗೆ ಹೋಗುವಾಗ, ಆ ಬೀದಿಗಳ ಪರಿಚಯವಿದೆಯೆಂದು ಮೇಡಂ ನನ್ನನ್ನೇ ಜೊತೆಗೆ ಕರೆದರು. ಹಳೆಯ ಕಟ್ಟಡ, ಕಡಿದಾದ ಮೆಟ್ಟಿಲು. ವಿಳಾಸದ ಚೀಟಿಯಲ್ಲಿ ನಾಲ್ಕನೇ ಮಹಡಿ ಎಂದಿತ್ತು. ನಾನು ಎರಡನೆಯದರಲ್ಲೇ ಗೋಡೆ ಹಿಡಿದು ನಿಂತಿದ್ದೆ. ಹಿಂದಿನಿಂದ ಠಕ್ ಠಕ್ ಎಂದು ಸದ್ದಾಯಿತು. ಒಂದು ಕೈಯಲ್ಲಿ ಊರುಗೋಲು, ಹೆಗಲಲ್ಲಿ ತರಕಾರಿ ಚೀಲ. ನಕ್ಷೆಗಾರರು ಸಲೀಸಾಗಿ ಹತ್ತಿ ಬಂದು ನನ್ನನ್ನು ದಾಟಿದರು. "ನಿಧಾನಕ್ಕೆ ಬನ್ನಿ ಸರ್. ಅಭ್ಯಾಸ ಇಲ್ಲದವರಿಗೆ ಕಷ್ಟ" ಎಂದರು.

ಒಳಗೆ ಅವರ ಅಕ್ಕ ಕುರ್ಚಿ ಹಾಕಿದರು. ಕಿಟಕಿಯ ಬಳಿ ಓರೆಯಾದ ನಕ್ಷೆಯ ಹಲಗೆ, ಅದರ ಮೇಲೆ ಯಾರದೋ ಮನೆಯ ಅರ್ಧ ಬರೆದ ನಕ್ಷೆ. ಮೇಡಂ ಕೂರಲಿಲ್ಲ. ನಿಂತೇ ಕೈಮುಗಿದು, "ತಪ್ಪು ನಮ್ಮ ಕಚೇರಿದು. ಮೂರು ಮಹಡಿ ಹತ್ತೋಕಾಗಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ವಿ" ಎಂದರು.

ನಕ್ಷೆಗಾರರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಬಾಗಿಲಿನಾಚೆಯ ಮೆಟ್ಟಿಲುಗಳತ್ತ ನೋಡಿದರು. "ಮೂರಾ?" ಎಂದರು. "ನನ್ನನ್ನ ಒಂದು ಮಾತು ಕೇಳಿದ್ದಿದ್ರೆ ಹೇಳ್ತಿದ್ದೆನಲ್ಲ."

ಮೇಡಂ ಅವರ ಆ 'ನಾವು' ಎಂಬುದರೊಳಗೆ ನಾನೊಬ್ಬನೇ ಇದ್ದೆ. ಅದನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ನೆಲದ ಹಾಸುಗಲ್ಲುಗಳ ಸಂದುಗಳನ್ನು ನೋಡುತ್ತ ಕುಳಿತೆ.

ವಯೋಮಿತಿ ಸಡಿಲಿಸಬೇಕೆಂದು ಮೇಡಂ ಮೇಲಿನ ಕಚೇರಿಗೆ ಹನ್ನೊಂದು ಪತ್ರ ಬರೆದರು. ಆಗುವುದಿಲ್ಲವೆಂದು ಉತ್ತರ ಬಂತು. ಲೋಪಕ್ಕೆ ಹೊಣೆ ಯಾರೆಂದೂ ಅದರಲ್ಲಿ ಕೇಳಿದ್ದರು. ಮೇಡಂ ತಮ್ಮ ಹೆಸರು ಬರೆದು ಕಳಿಸಿದರು. ಲಿಖಿತ ಎಚ್ಚರಿಕೆ ಬಂದು ಅವರ ಕಡತದಲ್ಲಿ ಕುಳಿತಿತು, ಬಡ್ತಿ ನಾಲ್ಕು ವರ್ಷ ಹಿಂದೆ ಬಿತ್ತು. ಆ ನಾಲ್ಕು ವರ್ಷ ನನ್ನೊಡನೆ ಒಂದು ಬಿರುಸು ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

ನಾನು ಮಾಡಿದ್ದು ಒಂದೇ. ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದಾಗ ಒಂದೊಂದೇ ಡ್ರಾಯರು ತೆಗೆದು ಚುಕ್ಕೆಗಳನ್ನು ಅಳಿಸತೊಡಗಿದೆ. ನಾಲ್ಕನೆಯ ದಿನಕ್ಕೆ ರಬ್ಬರು ಸವೆದು ಚೂರಾಯಿತು. ಐದನೆಯ ದಿನ ಊಟ ಮುಗಿಸಿ ಬಂದಾಗ ನನ್ನ ಮೇಜಿನ ಮೇಲೆ ಒಂದು ಹೊಸ ರಬ್ಬರಿತ್ತು. ತಲೆಯೆತ್ತಿ ನೋಡಿದೆ. ಮೇಡಂ ಅವರು ತಮ್ಮ ಮೇಜಿನಲ್ಲಿ ಏನೋ ಬರೆಯುತ್ತಿದ್ದರು.

ಅವರಿಗೆ ಎಲ್ಲ ಗೊತ್ತಿದೆ ಎಂಬುದು ಅಂದೇ ನನಗೆ ಗೊತ್ತಾಯಿತು. ಆಮೇಲೂ ಹದಿಮೂರು ವರ್ಷ ಅವರ ಕೈಕೆಳಗೆ ಕೆಲಸ ಮಾಡಿ, ಆರು ವರ್ಷಗಳ ಹಿಂದೆ ನಾನು ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಅವರು ನನ್ನ ಅಕ್ಷರ ದುಂಡಾಗಿದೆಯೆಂದು ಹೊಗಳಿದರು. ನಾನು ಹಾರ ಹಾಕಿಸಿಕೊಂಡು ಮನೆಗೆ ಬಂದೆ.

ಈ ಲೇಖನದ ಮೊದಲ ಕರಡನ್ನು ಓದಿದ ನನ್ನ ಹೆಂಡತಿ ಅದನ್ನು ಮಡಿಸಿ ನನ್ನ ಕೈಗೇ ಕೊಟ್ಟಳು. "ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಿ, ಈಗ ಪುಸ್ತಕದಲ್ಲಿ ಹೇಳ್ತೀರಾ? ಆ ಮನುಷ್ಯನ್ನ ಕೇಳಿದ್ರಾ?" ಎಂದಳು. ಅವಳು ಮೇಡಂ ಅವರನ್ನು ನೋಡಿರುವುದು ಎರಡೇ ಸಲ.

ಕಳೆದ ವಾರ ಆ ನಾಲ್ಕು ಮಹಡಿಗಳನ್ನು ಮತ್ತೆ ಹತ್ತಿದೆ. ಪ್ರತಿ ಮಹಡಿಯಲ್ಲೂ ಕುಳಿತು ಎದ್ದು ಹೋಗುವ ಹೊತ್ತಿಗೆ ಅರ್ಧ ಗಂಟೆಯಾಯಿತು. ನಕ್ಷೆಗಾರರ ತಲೆ ನರೆತಿದೆ. ಹಲಗೆ ಅದೇ ಕಿಟಕಿಯ ಬಳಿ ಇದೆ. ಮನೆ ಕಟ್ಟುವವರು ಬಂದಾಗ ಕೆಲಸ, ಬಾರದಾಗ ಇಲ್ಲ. ನಾನು ಎಲ್ಲವನ್ನೂ ಹೇಳಿದೆ: ಚುಕ್ಕೆ, ಮಹಡಿ, ಅಂಚೆಯ ಮಾತು.

"ಅಂದ್ರೆ ಅವತ್ತು ಇಲ್ಲಿ ಬಂದು ಕೂತಾಗ್ಲೂ ನಿಮಗೆ ಗೊತ್ತಿತ್ತು" ಎಂದರು.

"ಗೊತ್ತಿತ್ತು."

ಅವರು ಪೆನ್ಸಿಲೊಂದನ್ನು ಕೈಗೆತ್ತಿಕೊಂಡು ಹೆರೆಯತೊಡಗಿದರು. ಕ್ಷಮಿಸಿದೆ ಎನ್ನಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ. ಕೊನೆಗೆ, "ಮೇಡಂಗೆ ಎಷ್ಟು ವಯಸ್ಸೀಗ?" ಎಂದು ಕೇಳಿದರು.

"ಐವತ್ತೆಂಟು."

"ನನಗೂ ಅಷ್ಟೇ. ಆ ಕೆಲಸ ಸಿಕ್ಕಿದ್ದಿದ್ರೆ ಈ ವರ್ಷ ನಾನೂ ನಿವೃತ್ತನಾಗ್ತಿದ್ದೆ" ಎಂದು ಸ್ವಲ್ಪ ನಕ್ಕರು. "ನನ್ನ ಬಗ್ಗೆನೂ ಯಾರಾದ್ರೂ ಇಂಥದ್ದೊಂದು ಬರೀತಿದ್ರೇನೋ." ಆಮೇಲೆ ಹೇಳಿದರು: "ಬರೀರಿ. ಎಲ್ಲಾ ಬರೀರಿ. ಆದ್ರೆ ನನ್ನನ್ನ ಪಾಪ ಅನ್ಬೇಡಿ."

ಮೇಡಂ, ನಿವೃತ್ತಿಯ ಬಳಿಕ ನಿಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿ, ಅಂಗವೈಕಲ್ಯವುಳ್ಳ ಉದ್ಯೋಗಾರ್ಥಿಗಳಿಗೆ ಅರ್ಜಿ ಬರೆಯಲು ನೆರವಾಗುವಿರೆಂದು ಕೇಳಿದೆ. ಆ ಮೇಜಿನ ಮುಂದೆ ಬಹುಕಾಲ ಜನ ಬರುತ್ತಿರಲಿ, ಅವರೊಡನೆ ಕೂರಲು ನಿಮಗೆ ಆಯುಸ್ಸೂ ಆರೋಗ್ಯವೂ ತುಂಬಿಬರಲಿ, ನಿಮ್ಮ ಆ ಒಂದು ಪ್ರಶ್ನೆಗೆ ಎಂದೂ ದಣಿವಾಗದಿರಲಿ. ಹೊಸ ರಬ್ಬರು ಸಿಕ್ಕ ದಿನವೇ ನಿಮ್ಮ ಬಳಿ ಬಂದು ಹೇಳಬೇಕಾಗಿದ್ದ ಮಾತನ್ನು ಇವತ್ತು ಊರೆಲ್ಲ ಓದುವ ಪುಸ್ತಕದಲ್ಲಿ ಹೇಳುತ್ತಿದ್ದೇನೆ: ಆ ಚುಕ್ಕೆ ನನ್ನದು. ಆ ಎಚ್ಚರಿಕೆಯ ಪತ್ರದಲ್ಲಿ ಇರಬೇಕಾಗಿದ್ದ ಹೆಸರೂ ನನ್ನದು.

ಈ ಗ್ರಂಥದ ಒಂದು ಪ್ರತಿ ನಕ್ಷೆಗಾರರಿಗೂ ಸಲ್ಲಬೇಕೆಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ. ಅದನ್ನು ನಾಲ್ಕನೇ ಮಹಡಿಗೆ ನಾನೇ ಹೊತ್ತೊಯ್ಯುತ್ತೇನೆ. ಅಂಚೆಗೆ ಹಾಕುವುದಿಲ್ಲ.