ಬೀದಿಯಲ್ಲಿ ಅಮ್ಮನ ಕ್ರಿಸ್‌ಮಸ್ ಊಟ

ಇಂದು ವೈಟ್‌ಫೀಲ್ಡಿನ ಮೇಲ್ಸೇತುವೆಯ ಕೆಳಗೆ ಕ್ರಿಸ್‌ಮಸ್ ತಾತನ ಕೆಂಪು ಟೋಪಿ ತೊಟ್ಟ ದಾನಶೂರರ ದಂಡೊಂದನ್ನು ಕಂಡೆ. ಚಳಿಗೆ ನಡುಗುತ್ತಿದ್ದ ಅಜ್ಜನೊಬ್ಬನಿಗೆ ಕಂಬಳಿ ಹೊದಿಸುವ ಮೊದಲು ಫೋಟೋಗೆಂದು ತಮ್ಮ ಬ್ಯಾನರ್ ಹಿಡಿಸಿದ್ದರು. ಆಹಾ, ಎಂಥ ರಂಗಸಜ್ಜಿಕೆ.

ನನ್ನ ಬಾಲ್ಯದ ರಾಜಗೋಪಾಲನಗರದ ಚರ್ಚಿನಲ್ಲೂ ಇಂಥದೊಂದು ಪಾತ್ರವಿತ್ತು. ಸಭೆಯ ಹಿರಿಯ, ನಮಗೆಲ್ಲ ಅಂಕಲ್. ಇಸ್ತ್ರಿ ಮುರಿಯದ ಸೂಟು, ಅತ್ತರಿನ ಘಮ, ಗುಡುಗಿನಂಥ ಪ್ರಾರ್ಥನೆ. ಒಂದು ಕ್ರಿಸ್‌ಮಸ್ ಊಟಕ್ಕೆ ಅಮ್ಮ, ಮುಚ್ಚಿದ ಕಾರ್ಖಾನೆಯ ಗೇಟಿನ ಬಳಿ ಮಲಗುತ್ತಿದ್ದ ಮುದುಕಿ ತಾಯಮ್ಮನನ್ನು ಕೈಹಿಡಿದು ಕರೆತಂದಳು. ಹಸಿವಿಗೆ ಮುದುಕಿಗೆ ನಿಲ್ಲಲೂ ಆಗುತ್ತಿರಲಿಲ್ಲ.

ಅಂಕಲ್ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಅಡ್ಡ ನಿಂತ. "ಒಳಗೆ ಜಾಗ ಇಲ್ಲ ಕಣಮ್ಮ. ಮಿಕ್ಕಿದ್ರೆ ಆಮೇಲೆ ಕಳಿಸ್ತೀವಿ."

ಅಮ್ಮ ಒಳಹೋಗಿ ತನ್ನ ಪಾಲಿನ ಬಿರಿಯಾನಿ ತಂದು, ಫುಟ್‌ಪಾತಿನಲ್ಲಿ ಕೂತು, ತಾಯಮ್ಮನೊಂದಿಗೆ ಒಂದೇ ತಟ್ಟೆಯಲ್ಲಿ ಉಣ್ಣತೊಡಗಿದಳು.

"ಏನಮ್ಮಾ, ಹಬ್ಬದ ದಿನ ಬೀದೀಲಿ ಊಟಾನಾ?" ಎಂದ ಅಂಕಲ್.

"ಹೂಂ ಸಾರ್. ಯೇಸಪ್ಪ ಹುಟ್ಟೋ ರಾತ್ರೀನೂ ಛತ್ರದೊಳಗೆ ಜಾಗ ಇಲ್ಲ ಅಂದಿದ್ರಲ್ಲ. ಇಲ್ಲೇ ಎಲ್ಲೋ ಇರ್ತಾನೆ."

ಅಂಕಲ್ ಮೂಗಿನ ಕರವಸ್ತ್ರ ಇಳಿಸಿ, ಬಾಗಿಲಿನಿಂದ ಪಕ್ಕಕ್ಕೆ ಸರಿದ.

ಇಂದು ನಾನೂ ಹೋಗಿ ಮೇಲ್ಸೇತುವೆಯ ಕೆಳಗಿನ ಆ ಅಜ್ಜನ ಪಕ್ಕ ಕೂತೆ.

"ಸಾರ್, ಸ್ವಲ್ಪ ಸೈಡಿಗೆ ಬರ್ತೀರಾ? ಫೋಟೋದಲ್ಲಿ ಅಡ್ಡ ಬರ್ತಿದೀರಿ," ಎಂದಿತು ಒಂದು ಕೆಂಪು ಟೋಪಿ.

ನಾನು ಕದಲಲಿಲ್ಲ.