ಬಿಳಿ ಕೊಡೆಯ ಮೇಲೆ ಕೆಂಪು ಹೆಸರು

ಎಡಿತಾ ಕಬಾಯೆಸ್‌ಗೆ ಸಿಟ್ಟು ಬಂದಿದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಫಿಲಿಪ್ಪೀನ್ಸಿನ ಪನಾಯ್ ದ್ವೀಪದ ಅವಳ ಊರಿನವರ ಮಾತೇ ಹಾಗೆ. ಅಲ್ಲಿಯ ಜನ ಬೈದರೂ ತೊಟ್ಟಿಲು ತೂಗಿದ ಹಾಗೆ ಕೇಳಿಸುತ್ತದೆ. ಅವಳಪ್ಪ ದಂಡೆಯಲ್ಲಿ ಕೂತು ಬಲೆ ಸರಿಮಾಡುತ್ತ ಪಕ್ಕದ ಮನೆಯವನ ವಂಶವನ್ನೆಲ್ಲ ಜಾಲಾಡುತ್ತಿದ್ದರೆ, ಏನೋ ಹಾಡು ಗುನುಗುತ್ತಿದ್ದಾನೆ ಎಂದುಕೊಂಡು ದಾರಿಹೋಕರು ಹೋಗಿಬಿಡುತ್ತಿದ್ದರು. ಮಗಳಿಗೆ ಅಪ್ಪನ ಆ ಗಂಟಲೂ ಬಂದಿತ್ತು, ಯಾವುದನ್ನೂ ಮರೆಯದ ಆ ಗುಣವೂ ಬಂದಿತ್ತು.

ಟೀಚರ್ ತರಬೇತಿ ಮುಗಿಸಿ ಅವಳು ಥಾಯ್ಲೆಂಡಿಗೆ ಬಂದಿದ್ದು ಹರೆಯದಲ್ಲಿ. ನಖೋನ್ ಸವಾನ್ ಊರಿನ ಒಂದು ಖಾಸಗಿ ಶಾಲೆಯಲ್ಲಿ ಒಂದನೇ ತರಗತಿಯ ಇಂಗ್ಲಿಷ್ ಅವಳದು. ಅಮ್ಮನ ಸೆರಗು ಬಿಡದೆ ಅಳುತ್ತ ಬರುವ ಮಕ್ಕಳು ವರ್ಷದ ಕೊನೆಗೆ ನೂರರವರೆಗೆ ಎಣಿಸಿ, ತಮ್ಮ ಮನೆಯ ನಾಯಿಯ ಬಗ್ಗೆ ಇಂಗ್ಲಿಷಿನಲ್ಲಿ ಹರಟುತ್ತಿದ್ದರು. ಒಂದು ತರಗತಿ ಅಂದರೆ ಅವಳಿಗೆ ಒಂದು ಸಂಸಾರವಿದ್ದಂತೆ. ಬೇರೆ ಸಂಸಾರ ಕಟ್ಟಿಕೊಳ್ಳುವ ಗೋಜಿಗೆ ಅವಳು ಹೋಗಲೇ ಇಲ್ಲ.

ಅವಳಿಗಿದ್ದ ತೊಡಕು ಒಂದೇ, 'ಫ'. ಅವಳ ಕಡೆಯವರ ನಾಲಿಗೆಗೆ ಅದು ಒಗ್ಗುವುದಿಲ್ಲ, ತಮ್ಮ ದೇಶದ ಹೆಸರನ್ನೇ ಅವರು 'ಪಿಲಿಪಿನಾಸ್' ಎನ್ನುತ್ತಾರೆ. ದಿನಾ ಕನ್ನಡಿಯ ಮುಂದೆ ಕೆಳತುಟಿ ಕಚ್ಚಿ 'ಫಿಶ್, ಫ್ಯಾನ್, ಫಿಫ್ಟಿ' ಎಂದು ತಿದ್ದಿಕೊಂಡೇ ಅವಳು ಶಾಲೆಗೆ ಹೊರಡುತ್ತಿದ್ದಳು. ದಣಿದಾಗ ಮಾತ್ರ ಜಾರುತ್ತಿತ್ತು. ಜಾರಿದ್ದು ಗೊತ್ತಾದರೆ ತಾನೇ ನಿಂತು ಮತ್ತೆ ಸರಿಯಾಗಿ ಹೇಳುತ್ತಿದ್ದಳು.

ಹೀಗಿರುವಾಗ ಕ್ರೇಗ್ ಬಂದ. ಇಂಗ್ಲೆಂಡಿನ ಯಾವುದೋ ಊರಲ್ಲಿ ರತ್ನಗಂಬಳಿ ಮಾರುತ್ತಿದ್ದವನು. ಎತ್ತರದ ಆಳು, ಬಿಳಿ ಮುಖ, ಚಿನ್ನದ ಬಣ್ಣದ ಗಡ್ಡ. ಬಂದ ವಾರದಲ್ಲೇ ಅವನ ಮುಖ ಶಾಲೆಯ ಗೇಟಿನ ಫಲಕದ ಮೇಲೆ ಹೋಯಿತು. ಅವನಿಗೆ ಪಾಠ ಹೇಳಲು ಬಾರದು, ಆ ನೆಲದ ರೀತಿನೀತಿಯಂತೂ ಮೊದಲೇ ಗೊತ್ತಿಲ್ಲ. ಮಕ್ಕಳ ಪುಸ್ತಕದ ಮೇಲೆಲ್ಲ ಹೆಸರುಗಳನ್ನು ಕೆಂಪು ಪೆನ್ನಿನಲ್ಲಿ ಬರೆದಿಟ್ಟ. ಎಡಿತಾ ರಟ್ಟುಗಳನ್ನೆಲ್ಲ ಬದಲಾಯಿಸಿ, ನೀಲಿಯಲ್ಲಿ ಬರೆದು, ಕೆಂಪು ಪೆನ್ನುಗಳನ್ನು ಕಸದ ಬುಟ್ಟಿಗೆ ಹಾಕಿದಳು. ಪ್ರಾರ್ಥನೆಯ ಹೊತ್ತಿನಲ್ಲಿ ಅವನು ಬುದ್ಧನ ವಿಗ್ರಹದ ಕಡೆಗೆ ಕಾಲು ಚಾಚಿದರೆ ತನ್ನ ಚೀಲವನ್ನು ಅಡ್ಡ ಇಟ್ಟು ಮುಚ್ಚಿದಳು. ಯಾಕೆ ಅಂತ ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಪರದೇಶದಲ್ಲಿ ಅವನೂ ತನ್ನ ಹಾಗೇ ಒಬ್ಬ ಟೀಚರು ಎಂದುಕೊಂಡಿದ್ದಳು, ಪಾಪದವಳು.

ಪೋಷಕರನ್ನು ಕರೆಸಿದ ದಿನ ಅವಳ ಮಕ್ಕಳು ಎಣಿಕೆ ಹೇಳುತ್ತಿದ್ದರು. ಥಾಯ್ ಭಾಷೆಯಲ್ಲಿ ಐದಕ್ಕೆ 'ಹಾ' ಎನ್ನುತ್ತಾರೆ. ಹಾಗಾಗಿ ಐವತ್ತೈದು ಬಂತೆಂದರೆ ಮಕ್ಕಳಿಗೆ ಅದು 'ಹಾ ಹಾ', ನಕ್ಕು ಸಾಯುತ್ತವೆ. ಅಲ್ಲಿಗೆ ಬಂದಾಗ ಕ್ರೇಗ್ ಕೈ ಎತ್ತಿ ನಿಲ್ಲಿಸಿದ.

"ಒಂದ್ನಿಮಿಷ ಮಕ್ಳೇ! ಟೀಚರ್ ಎಡಿತಾ ಇದನ್ನ ಹೆಂಗೆ ಹೇಳ್ತಾರೆ?"

"ಪಿಪ್ಟಿ ಪೈವ್!" ಎಂದು ಮಕ್ಕಳು ಒಂದೇ ಕೊರಳಲ್ಲಿ ಕೂಗಿದವು.

ಪೋಷಕರು ನಕ್ಕರು. ಮುಖ್ಯಸ್ಥೆ ವಿಪಾವನ್ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ಭುಜ ಕುಲುಕಿಸಿದರು. ಮೇಡಂ ಗತ್ತಿನ ಹೆಂಗಸು, ರೇಷ್ಮೆ ಬಿಟ್ಟು ಬೇರೆ ಉಟ್ಟವರಲ್ಲ. ಎಡಿತಾ ತಾನೂ ನಕ್ಕಳು.

ಮರುದಿನವೇ ಮೇಡಂ ಅವಳನ್ನು ಕರೆಸಿದರು. "ಬರೋ ವರ್ಷದಿಂದ ಒಂದನೇ ಕ್ಲಾಸು ಕ್ರೇಗ್‌ಗೆ. ನೀನು ಪಕ್ಕದಲ್ಲಿರು, ಮಕ್ಕಳನ್ನ ಬಾತ್‌ರೂಮಿಗೆ ಕರ್ಕೊಂಡು ಹೋಗೋಕೆ ಒಬ್ಬರು ಬೇಕಲ್ಲ. ಬೇಜಾರ್ ಮಾಡ್ಕೋಬೇಡಮ್ಮ, ನಿನ್ನ ಇಂಗ್ಲಿಷು ಯಾರಿಗೂ ಅರ್ಥ ಆಗಲ್ವಂತೆ. ರಜೆ ಮುಗಿಸ್ಕೊಂಡು ಬಂದ್ಮೇಲೆ ಎಲ್ಲರಿಗೂ ಹೇಳ್ತೀನಿ."

"ಆಗಲಿ ಮೇಡಂ" ಎಂದಳು ಎಡಿತಾ, ತೊಟ್ಟಿಲು ತೂಗುವ ಅದೇ ದನಿಯಲ್ಲಿ.

ಅವಳ ಜೊತೆ ಕೋಣೆ ಹಂಚಿಕೊಂಡಿದ್ದ ಜೊನಾಲಿನ್ ಅದೇ ದ್ವೀಪದವಳು, ಲೆಕ್ಕದ ಟೀಚರು. ಒಣಮೀನು ಹುರಿಯುತ್ತ ಕೂಗಾಡಿದಳು. "ಅಕ್ಕಾ, ನಿನ್ನ ಬಾಯಿಗೇನು ಬೀಗ ಹಾಕಿದಾರಾ? ಎದುರಿಗೆ ನಿಂತು ಎರಡು ಉಗೀಬೇಕಿತ್ತು! ನೀನು ಹೆತ್ತು ಸಾಕಿದ ಕ್ಲಾಸು, ಆ ಗಡ್ಡದೋನ ಮಡಿಲಿಗೆ ಹಾಕ್ತಾರಂತೆ!"

"ಮೀನು ಸೀದುಹೋಗ್ತಿದೆ ನೋಡೇ."

"ಸೀಯಲಿ! ನೀನು ದೇವರಂಥವಳು ಅಂತ ಎಲ್ಲಾ ತುಳೀತಾರೆ."

"ಯಾರೇ ಹೇಳಿದ್ದು ನಿಂಗೆ, ನಾನು ದೇವರು ಅಂತ?" ಎಂದಳು ಎಡಿತಾ. ಜೊನಾಲಿನ್ ಸೌಟು ಹಿಡಿದವಳು ಹಾಗೇ ತಿರುಗಿ ನೋಡಿದಳು.

ವರ್ಷದ ಕೊನೆಗೆ ಶಾಲೆಯವರೆಲ್ಲ ಒಂದೇ ಬಸ್ಸಿನಲ್ಲಿ ಪ್ರವಾಸ ಹೋಗುವುದು ಅಲ್ಲಿಯ ವಾಡಿಕೆ. ಆ ಸಲ ಚಿಯಾಂಗ್ ಮಾಯ್ ಕಡೆಗೆ. ದಾರಿಯುದ್ದಕ್ಕೂ ಬಸ್ಸಿನೊಳಗೆ ಮೈಕು, ಹಾಡು, ಸೀಟುಗಳ ನಡುವೆ ಕುಣಿತ. ಫಿಲಿಪ್ಪೀನ್ಸಿನವರು ಎಂದಮೇಲೆ ಹಾಡಲೇಬೇಕು ಎಂದು ಮೈಕು ಕೊಟ್ಟರು. ಎಡಿತಾ ಹಾಡಿದಳು, ಚಪ್ಪಾಳೆ ಬಿತ್ತು. ಕ್ರೇಗ್ ಎದ್ದು ನಿಂತು "ಇನ್ನೊಂದು, ಇನ್ನೊಂದು! ಪೆಂಟಾಸ್ಟಿಕ್!" ಎಂದು ಕೂಗಿದ. ಬಸ್ಸೆಲ್ಲ ನಕ್ಕಿತು. ಅವಳು ಅವನಿಗೂ ಕೈಮುಗಿದು ಕೂತಳು.

ಆ ಪ್ರವಾಸದಲ್ಲೇ ಮೇಡಂ ಅವರಿಗೆ ಅರವತ್ತು ತುಂಬುತ್ತಿತ್ತು. ಅರವತ್ತು ಎಂದರೆ ಅಲ್ಲಿ ದೊಡ್ಡ ಮಾತು. ಭಿಕ್ಷುಗಳಿಗೆ ಊಟ ಹಾಕಿಸಿ, ಆಯುಸ್ಸು ಬೇಡಿ, ಮಣಿಕಟ್ಟಿಗೆ ದಾರ ಕಟ್ಟಿಸಿಕೊಂಡು ಮೇಡಂ ಹುಷಾರಾಗಿ ಹೆಜ್ಜೆ ಇಡುತ್ತಿದ್ದರು. ಸಂಜೆಯ ಊಟಕ್ಕೆ ಮೊದಲು ಕಾಗದದ ಕೊಡೆ ಮಾಡುವ ಊರಲ್ಲಿ ಬಸ್ಸು ನಿಂತಿತು. ಬೇಕಾದವರು ಕೊಡೆ ಕೊಂಡು ತಾವೇ ಬಣ್ಣ ಬಳಿಯಬಹುದು. ಕ್ರೇಗ್‌ಗೆ ಉತ್ಸಾಹ ಬಂತು. ಅವನು ಮೊಬೈಲು ನೋಡಿ ಥಾಯ್ ಅಕ್ಷರ ಕಲಿಯುತ್ತಿದ್ದ. ದೊಡ್ಡದೊಂದು ಬಿಳಿ ಕೊಡೆ ಬಿಚ್ಚಿ, ನಾಲಿಗೆ ಹೊರಚಾಚಿ, ಮೇಡಂ ಹೆಸರನ್ನು ಬರೆಯತೊಡಗಿದ. ದಪ್ಪ ಅಕ್ಷರಗಳಲ್ಲಿ, ಕಡುಗೆಂಪು ಬಣ್ಣದಲ್ಲಿ.

ಬಣ್ಣದ ಅಂಗಡಿಯ ಮುದುಕಿ ಬೆಚ್ಚಿಬಿದ್ದಳು. ಎಡಿತಾಳ ತೋಳು ಹಿಡಿದು ಥಾಯ್‌ನಲ್ಲಿ ಪಿಸುಗುಟ್ಟಿದಳು. "ನಿಮ್ಮೋನಾ ಇವ್ನು? ಹೇಳಮ್ಮಾ ಅವ್ನಿಗೆ! ಬದುಕಿರೋರ ಹೆಸರು ಯಾರಾದ್ರೂ ಕೆಂಪಲ್ಲಿ ಬರೀತಾರಾ? ಅದು ಸತ್ತೋರಿಗೆ, ಪೆಟ್ಟಿಗೆ ಮೇಲೆ ಬರೆಯೋದು. ಅದೂ ಬಿಳಿ ಮೇಲೆ!"

"ಹೇಳ್ತೀನಿ ಅಜ್ಜಿ" ಎಂದಳು ಎಡಿತಾ.

ಕ್ರೇಗ್ ತಲೆಯೆತ್ತಿದ. "ಏನಂತೆ ಅಜ್ಜೀದು?"

ಪಕ್ಕದಲ್ಲೇ ನೀಲಿ ಬಣ್ಣದ ಡಬ್ಬಿ ಇತ್ತು. ಕೈ ಚಾಚಿದರೆ ಎಟಕುತ್ತಿತ್ತು. ಇಷ್ಟು ದಿನ ಅವಳ ಕೈ ತಾನಾಗಿಯೇ ಅಂಥ ಡಬ್ಬಿಯ ಕಡೆಗೆ ಹೋಗಿಬಿಡುತ್ತಿತ್ತು. ಈಗ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬಣ್ಣ ತುಂಬಾ ಚೆನ್ನಾಗಿ ಒಪ್ಪುತ್ತೆ ಅಂತಾರೆ."

"ಹೌದಾ? ಸರಿಯಿದೆ ಅಂತೀಯಾ ನೀನು?"

ಎಡಿತಾ ಕೆಳತುಟಿಯನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿದಳು. "ಫೈನ್" ಎಂದಳು. "ಪರ್ಫೆಕ್ಟ್."

ಅಷ್ಟು ಚೊಕ್ಕವಾದ 'ಫ' ಅವಳ ಬಾಯಿಂದ ಜನ್ಮದಲ್ಲಿ ಬಂದಿರಲಿಲ್ಲ. ಕ್ರೇಗ್ ಕುಂಚ ಎತ್ತಿ ನಕ್ಕ. "ನೋಡಿದ್ಯಾ! ಮನಸ್ಸು ಮಾಡಿದ್ರೆ ಬರುತ್ತೆ ನಿಂಗೆ!"

ನದಿಯ ದಡದ ಹೋಟೆಲಿನಲ್ಲಿ ಊಟ. ಅಂಟಕ್ಕಿ ಅನ್ನ, ಸುಟ್ಟ ಕೋಳಿ, ನಡುವೆ ದೊಡ್ಡ ಕೇಕು. ಎಲ್ಲರೂ ಹಾಡು ಹೇಳಿ ಮುಗಿಸಿದ ಮೇಲೆ ಕ್ರೇಗ್ ಮೇಡಂ ಮುಂದೆ ಮಂಡಿಯೂರಿ ಕೂತು ಪಟ್ಟನೆ ಕೊಡೆ ಬಿಚ್ಚಿದ. ಬಿಳಿಯ ಮೇಲೆ ಕೆಂಪಾಗಿ, ತಪ್ಪಿಲ್ಲದ ಅಕ್ಷರಗಳಲ್ಲಿ, 'ವಿಪಾವನ್'. ಅದನ್ನು ಅವರ ತಲೆಯ ಮೇಲೆ ಹಿಡಿದು "ಹ್ಯಾಪಿ ಬರ್ತ್‌ಡೇ!" ಎಂದ. ಯಾರೂ ದನಿಗೂಡಿಸಲಿಲ್ಲ. ಮೇಡಂ ಮುಖದ ಮೇಲಿನ ನಗು ಹಾಗೇ ಇತ್ತು, ಬಣ್ಣ ಮಾತ್ರ ಇಳಿದುಹೋಯಿತು. ಕಚೇರಿಯ ಹಿರಿಯ ಹೆಂಗಸೊಬ್ಬಳು ಕೊಡೆ ಕಿತ್ತುಕೊಂಡು, ಮಡಿಸಿ, ಹೊರಗೆಲ್ಲೋ ಒಯ್ದಳು. ಎಡಿತಾ ಕೇಕು ತಿಂದಳು. ಇನ್ನೊಂದು ತುಂಡೂ ಹಾಕಿಸಿಕೊಂಡಳು.

ಬೆಳಿಗ್ಗೆ ಹೋಟೆಲಿನ ಮೆಟ್ಟಿಲಿಳಿಯುವಾಗ ಮೇಡಂ ಜಾರಿದರು. ಕಾಲು ಉಳುಕಿದ್ದು ಅಷ್ಟೇ, ಆದರೆ ಬಸ್ಸಿನಲ್ಲಿ ಆಮೇಲೆ ಯಾರೂ ಹಾಡಲಿಲ್ಲ. ಕ್ರೇಗ್ ಪಕ್ಕದ ಸೀಟಿನವರೂ ಎದ್ದು ಹೋಗಿ ಬೇರೆ ಕಡೆ ಕೂತರು. ಅವನು ಬೆಪ್ಪಾಗಿ ಅತ್ತ ಇತ್ತ ನೋಡುತ್ತಿದ್ದ.

ಮೇಡಂ ಎಡಿತಾಳನ್ನು ಮುಂದಿನ ಸೀಟಿಗೆ ಕರೆಸಿದರು.

"ಕೊಡೆಗೆ ಬಣ್ಣ ಹಾಕುವಾಗ ನೀನು ಅಲ್ಲೇ ಇದ್ಯಂತೆ."

"ಇದ್ದೆ ಮೇಡಂ."

"ಈ ಊರಿನ ಪದ್ಧತಿ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅವನಿಗೆ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ಇಂಗ್ಲಿಷಲ್ಲಿ ಹೇಳಬೇಕಿತ್ತಲ್ಲ ಮೇಡಂ" ಎಂದಳು ಎಡಿತಾ, ಅಚ್ಚುಕಟ್ಟಾದ ಥಾಯ್‌ನಲ್ಲಿ, ಜೋಗುಳದ ದನಿಯಲ್ಲಿ. "ನನ್ನ ಇಂಗ್ಲಿಷು ಯಾರಿಗೂ ಅರ್ಥ ಆಗಲ್ಲ ಅಂತ ನೀವೇ ಹೇಳಿದ್ರಿ."

ಮೇಡಂ ಕಿಟಕಿಯ ಕಡೆ ತಿರುಗಿಕೊಂಡರು. ಎಡಿತಾ ತನ್ನ ಸೀಟಿಗೆ ವಾಪಸ್ಸು ಬಂದು ಕೂತಳು. ಕೆಲಸ ಹೋಯಿತೆಂದೇ ಅವಳು ತಿಳಿದಳು. ಹೋದರೂ ಸರಿಯೇ ಎನ್ನಿಸುವಷ್ಟು ಹಿತ ಎದೆಯಲ್ಲಿತ್ತು.

ಕೆಲಸ ಹೋಗಿದ್ದು ಅವನದು. ಅವನ ಮುಖ ಕಂಡರೆ ಮೇಡಂ ಕಾಲು ನೋಯುತ್ತಿತ್ತಂತೆ. ಗೇಟಿನ ಫಲಕದ ಮೇಲೆ ಹೂವಿನ ಚಿತ್ರ ಅಂಟಿಸಿದರು. ಅಷ್ಟು ಬೇಗ ಇನ್ನೊಂದು ಬಿಳಿ ಮುಖ ಸಿಗಲಿಲ್ಲ, ಒಂದನೇ ಕ್ಲಾಸು ಎಡಿತಾಳಿಗೇ ಉಳಿಯಿತು. ಹೊರಡುವ ದಿನ ಕ್ರೇಗ್ ಅವಳ ಕೈ ಹಿಡಿದು, "ನೀನೊಬ್ಬಳೇ ನಂಗೆ ಒಳ್ಳೇದು ಮಾಡಿದ್ದು ಇಲ್ಲಿ" ಎಂದ. ಆ ಮಾತು ಮುಳ್ಳಿನ ಹಾಗೆ ಚುಚ್ಚಿತು. ಚುಚ್ಚಿದರೂ ಅವಳು ಅದನ್ನು ಕಿತ್ತು ಬಿಸಾಕಿದಳು.

ಹೊಸ ವರ್ಷದಲ್ಲಿ ಹೊಸ ಮಕ್ಕಳು ಎಣಿಕೆಗೆ ಬಂದಾಗ ಎಡಿತಾ ಬೋರ್ಡಿನ ಮೇಲೆ ದೊಡ್ಡದಾಗಿ '55' ಎಂದು ಬರೆದಳು. ಕನ್ನಡಿಯ ಮುಂದೆ ತುಟಿ ಕಚ್ಚುವುದನ್ನು ಅವಳು ಬಿಟ್ಟು ತಿಂಗಳಾಗಿತ್ತು.

"ಪಿಪ್ಟಿ ಪೈವ್" ಎಂದಳು.

"ಪಿಪ್ಟಿ ಪೈವ್!" ಎಂದವು ಮಕ್ಕಳು.

"ವೆರಿ ಗುಡ್! ಇನ್ನೊಂದ್ಸಲ, ಜೋರಾಗಿ!"

ಹೊರಗೆ ಪಡಸಾಲೆಯಲ್ಲಿ ಊರುಗೋಲಿನ ಸದ್ದು ನಿಂತಿತು. ಮೇಡಂ ಬಾಗಿಲಲ್ಲಿ ನಿಂತು ಮಕ್ಕಳ ಕೂಗನ್ನು ಕೇಳಿದರು, ಎಡಿತಾಳ ಮುಖ ನೋಡಿದರು. ಆಮೇಲೆ ಊರುಗೋಲು ಊರಿಕೊಂಡು ಕುಂಟುತ್ತ ಮುಂದೆ ಹೋದರು. ಸಂಜೆ ಎಡಿತಾ ಬೋರ್ಡು ಒರೆಸಿದಳು. '55' ಎಂಬ ಆ 'ಹಾ ಹಾ' ಒಂದನ್ನು ಮಾತ್ರ ಹಾಗೇ ಬಿಟ್ಟಳು.